ದಯೆಗೆ ಅರಿವೇ ಕಣ್ಣು

ಜೀವದಯೆಯು ಶಿವಭಕ್ತನ ಮೊದಲ ಲಕ್ಷಣ. ಮಹಾತ್ಮ ಬಸವೇಶ್ವರರು ಹುಟ್ಟಿನ ಹಿರಿಮೆಯನ್ನು ಅಲ್ಲಗಳೆದು, ಪ್ರಾಣಿಗಳೆಲ್ಲದರ ಒಳಿತನ್ನು ಹಾರೈಸುವ ಮನಸ್ಸಿನಲ್ಲಿಯೇ ಹಿರಿಮೆಯನ್ನು ಕಂಡರು. ಆದರೆ ಶರಣರು ದಯೆಯನ್ನು ಎಷ್ಟು ಎತ್ತಿ ಹಿಡಿದರೋ ಅರಿವನ್ನೂ ಅಷ್ಟೇ ಎತ್ತಿ ಹಿಡಿದರು. ಅರಿವೂ ಆಚಾರವೂ ಒಂದನ್ನೊಂದು ಅಗಲದೆ ನಡೆಯಬೇಕೆಂಬುದು ಅವರ ಮತ. ಈ ತತ್ತ್ವದ ಪರೀಕ್ಷೆಯು ದೊಡ್ಡ ಸಂದರ್ಭಗಳಲ್ಲಿಯೇ ಆಗಬೇಕೆಂದಿಲ್ಲ. ಅಂಗಳದಲ್ಲಿ ಬಿದ್ದ ಒಂದು ಗುಬ್ಬಿಮರಿಯ ಮುಂದೆಯೂ ಆಗುತ್ತದೆ.

ನರೇಗಲ್ಲಿನಂತಹ ಎರೆಸೀಮೆಯ ಊರುಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಮುಂಗಾರಿಗೆ ಮೊದಲು ಬೀಸುವ ಬಿರುಗಾಳಿಗೆ ಬೇವಿನ ಕೊಂಬೆಗಳು ತೊನೆದಾಡುತ್ತವೆ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಜಂತಿಯ ಸಂದಿಯ ಗೂಡು ಸಡಿಲುತ್ತದೆ. ಬೆಳಗಿನಲ್ಲಿ ಅಂಗಳ ಗುಡಿಸುವ ಗೃಹಿಣಿಗೆ ಕಸಬರಿಗೆಯ ಮುಂದೆ ಬಾಯ್ದೆರೆದ ಮರಿಯೊಂದು ಕಾಣುತ್ತದೆ. ಒಂದು ಮಗು ಬಟ್ಟಲಲ್ಲಿ ಹಾಲು ತರುತ್ತದೆ, ಇನ್ನೊಂದು ಸಾಕಲೆಂದು ಬುಟ್ಟಿ ತರುತ್ತದೆ. ಮನುಷ್ಯರ ಕೈ ಸೋಕಿದರೆ ತಾಯಿ ಒಲ್ಲದು, ಮುಟ್ಟಬೇಡಿರೆಂದು ಅಜ್ಜಿ ತಡೆಯುತ್ತಾಳೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂದು ಮನೆಯ ಯಜಮಾನನು ಹೊಲದ ದಾರಿ ಹಿಡಿಯುತ್ತಾನೆ. ಈ ನಾಲ್ವರಲ್ಲಿ ನಿರ್ದಯರು ಯಾರೂ ಇಲ್ಲ. ಆದರೆ ಮರಿಯನ್ನು ಸರಿಯಾಗಿ ನೋಡಿದವರೂ ಇಲ್ಲ.

ನೋಡುವುದೇ ದಯೆಯ ಮೊದಲ ಕಾರ್ಯ. ಮೈತುಂಬ ಗರಿ ಮೂಡಿ, ಕುಪ್ಪಳಿಸುತ್ತ, ಕೊಂಬೆಯನ್ನು ಕಾಲಿನಿಂದ ಹಿಡಿದುಕೊಳ್ಳಬಲ್ಲ ಮರಿಯು ಆಪತ್ತಿನಲ್ಲಿ ಬಿದ್ದುದಲ್ಲ. ಅದು ಹಾರಲು ಕಲಿಯುತ್ತಿದೆ. ಅನೇಕ ಹಕ್ಕಿಗಳ ಮರಿಗಳು ಗೂಡು ಬಿಟ್ಟ ಮೇಲೆ ಕೆಲವು ದಿನ ನೆಲದ ಮೇಲೆ, ಪೊದೆಗಳಲ್ಲಿ ಅಡ್ಡಾಡುತ್ತವೆ. ತಾಯಿತಂದೆಗಳು ಹತ್ತಿರದಲ್ಲಿಯೇ ಇದ್ದು ಗುಟುಕು ಕೊಡುತ್ತಿರುತ್ತವೆ. ಜನರು ಸುತ್ತ ನಿಂತಿದ್ದರೆ ಮಾತ್ರ ಇಳಿಯಲು ಅಂಜುತ್ತವೆ. ಅಂತಹ ಮರಿಯನ್ನು ಒಳಗೆ ಒಯ್ಯುವುದು ರಕ್ಷಣೆಯಲ್ಲ, ಅಪಹರಣ. ಬೆಕ್ಕು ನಾಯಿಗಳನ್ನು ಕಟ್ಟಿಹಾಕಿ, ಮರಿಯನ್ನು ಸಮೀಪದ ಗಿಡದ ಮರೆಗೆ ಸರಿಸಿ, ದೂರ ನಿಲ್ಲುವುದೇ ಅಲ್ಲಿ ಭಕ್ತನ ಸೇವೆ.

ಗರಿಯಿಲ್ಲದೆ, ಕಣ್ಣು ತೆರೆಯದೆ, ತಣ್ಣಗೆ ನಡುಗುವ ಮರಿಯ ಸ್ಥಿತಿ ಬೇರೆ. ಅದು ನಿಜವಾಗಿಯೂ ಬಿದ್ದಿದೆ. ಅದನ್ನು ಮೆಲ್ಲನೆ ಎತ್ತಿ, ಬೆಚ್ಚಗಾಗಿಸಿ, ಮರಳಿ ಗೂಡಿನಲ್ಲಿಡಬೇಕು. ಗೂಡು ಹರಿದಿದ್ದರೆ ತಳದಲ್ಲಿ ತೂತುಗಳುಳ್ಳ ಚಿಕ್ಕ ಬುಟ್ಟಿಯಲ್ಲಿ ಒಣಹುಲ್ಲು ಹಾಸಿ, ಆ ಜಾಗದ ಹತ್ತಿರವೇ ಕಟ್ಟಿ, ಮರೆಯಿಂದ ಕಾಯಬೇಕು. ಅಜ್ಜಿಯ ಅಂಜಿಕೆಗೆ ಇಲ್ಲಿ ಆಧಾರವಿಲ್ಲ. ಕೈಯ ವಾಸನೆಗಾಗಿ ಹಕ್ಕಿಗಳು ತಮ್ಮ ಮರಿಯನ್ನು ತೊರೆಯುವುದಿಲ್ಲ. ಹೆಚ್ಚಿನ ಹಕ್ಕಿಗಳು ಮರಿಯ ದನಿಗೆ, ತೆರೆದ ಬಾಯಿಗೆ ಓಗೊಟ್ಟು ಬರುತ್ತವೆ.

ಇನ್ನು ಹಾಲಿನ ಬಟ್ಟಲಿನ ವಿಚಾರ. ನರೇಗಲ್ಲಿನ ನೆರೆಯ ಹಾಲಕೆರೆಯ ಮಠವು ಅನ್ನದಾನೇಶ್ವರನ ಹೆಸರನ್ನು ಹೊತ್ತಿದೆ. ಅನ್ನದಾನವೆಂದರೆ ಇದ್ದುದನ್ನು ಚೆಲ್ಲುವುದಲ್ಲ, ಉಣ್ಣುವವನ ಹಸಿವನ್ನು ಅರಿತು ನೀಡುವುದು. ಹಸುಗೂಸಿನ ಬಾಯಿಗೆ ಜೋಳದ ರೊಟ್ಟಿಯನ್ನು ತುರುಕಿದರೆ ಅನ್ನದಾನವೆನಿಸುವುದೇ? ಹಾಲು ಹಕ್ಕಿಗೆ ಜೀರ್ಣವಾಗದು. ಬಾಯಿಗೆ ಹನಿಸಿದ ನೀರು ಉಸಿರಿನ ನಾಳಕ್ಕೆ ಇಳಿದು ಮರಿಯು ಸಾಯಬಹುದು. ಕಾಳು ತಿನ್ನುವ ಗುಬ್ಬಿಯೂ ತನ್ನ ಎಳೆಯ ಮರಿಗೆ ಹುಳುಗಳನ್ನೇ ಉಣಿಸುತ್ತದೆ. ಪಾರಿವಾಳವು ಕೊರಳಚೀಲದಲ್ಲಿ ಒಸರುವ ರಸವನ್ನು ಊಡುತ್ತದೆ.

ಇಲ್ಲಿ ಸದ್ಭಕ್ತನಿಗೆ ಕಠಿಣವಾದ ಒಂದು ಪ್ರಶ್ನೆ ಎದುರಾಗುತ್ತದೆ. ಗುಬ್ಬಿಯ ಮರಿಯೊಂದನ್ನು ಬದುಕಿಸಲು ದಿನವೂ ಹುಳುಗಳನ್ನು ಹಿಡಿದು ಕೊಲ್ಲಬೇಕು. ಕೊಲ್ಲಲೊಲ್ಲದೆ ಅನ್ನ ಹಾಲುಗಳನ್ನು ಉಣಿಸಿದರೆ ಮರಿಯೇ ಸಾಯುತ್ತದೆ. ಒಂದು ಜೀವಕ್ಕೆ ತೋರಿದ ದಯೆಯು ಇನ್ನೊಂದಕ್ಕೆ ಹಿಂಸೆಯಾಗುವ ಈ ಇಕ್ಕಟ್ಟಿನಲ್ಲಿ ದಾರಿ ಯಾವುದು? ಮರಿಯನ್ನು ಅದರ ತಾಯಿಗೆ ಮರಳಿಸುವುದೇ ದಾರಿ. ತಾಯಿಹಕ್ಕಿಯು ಹುಳುವನ್ನು ತರುವುದು ತನ್ನ ಸ್ವಭಾವದಿಂದ. ಅದರಲ್ಲಿ ಕ್ರೌರ್ಯವೂ ಇಲ್ಲ, ಪಾಪವೂ ಇಲ್ಲ. ಭಕ್ತನು ತನ್ನ ಆಚಾರದ ಅಳತೆಗೋಲನ್ನು ಹಕ್ಕಿಯ ಕೊಕ್ಕಿಗೆ ಹಿಡಿಯಬಾರದು. ಹಕ್ಕಿಯ ತಾಯ್ತನವನ್ನು ತಾನು ಕಸಿದುಕೊಳ್ಳಲೂಬಾರದು.

ತಾಯಿ ಸತ್ತಿದ್ದರೆ, ಮರಿಗೆ ಗಾಯವಾಗಿದ್ದರೆ, ಕಾದು ನೋಡಿದರೂ ಯಾವ ಹಕ್ಕಿಯೂ ಬಾರದಿದ್ದರೆ, ಸುಮ್ಮನಿರುವುದು ವೈರಾಗ್ಯವಲ್ಲ, ಸೋಮಾರಿತನ. ಗಾಳಿಯಾಡುವ ಪೆಟ್ಟಿಗೆಯಲ್ಲಿ ಬೆಚ್ಚನೆ ಮಲಗಿಸಿ, ಪದೇ ಪದೇ ಮುಟ್ಟದೆ, ಬೇಗನೆ ಪಶುವೈದ್ಯರಿಗೋ ಅರಣ್ಯ ಇಲಾಖೆಯವರಿಗೋ ಒಪ್ಪಿಸಬೇಕು. ಬಿದ್ದ ಮರಿಗೆ ತಾಯಿ ಉಣಿಸದ ಹಕ್ಕಿಗಳೂ ಉಂಟು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ನೆಲಕ್ಕೆ ಬಿದ್ದ ಮರಿಯು ಮನುಷ್ಯನ ನೆರವಿಲ್ಲದೆ ಉಳಿಯದು. ಅಲ್ಲಿನ ಹೆಜ್ಜಾರ್ಲೆ ಬಳಗದವರು ಅಂತಹ ಮರಿಗಳನ್ನು ಬೇಲಿಯೊಳಗೆ ಇರಿಸಿ, ಮೀನು ಉಣಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಟ್ಟಿದ್ದಾರೆ. ಆ ಊರು 2007ರಲ್ಲಿ ಸಮುದಾಯ ಸಂರಕ್ಷಿತ ಪ್ರದೇಶವೆನಿಸಿತು. ಒಂದೆಡೆ ದೂರ ನಿಲ್ಲುವುದು, ಒಂದೆಡೆ ಕೈಯಾರೆ ಉಣಿಸುವುದು. ಎರಡೂ ದಯೆಯೇ; ಯಾವುದು ಎಲ್ಲಿ ಸಲ್ಲುವುದೆಂದು ತಿಳಿಸುವುದು ಅರಿವು.

ಹಾರಿಬಿಡುವುದೆಂಬ ಮಾತಿನಲ್ಲಿ ದಾಸೋಹದ ತಿರುಳಿದೆ. ತಾನು ಮಾಡಿದೆನೆಂಬ ಭಾವವುಳಿದರೆ ದಾಸೋಹವಿಲ್ಲವೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದರು. ಬದುಕಿಸಿದ ಗಿಳಿಮರಿಯನ್ನು ಪಂಜರಕ್ಕೆ ಸೇರಿಸಿ, ಅದಕ್ಕೆ ಶಿವನಾಮವನ್ನೇ ಕಲಿಸಿದರೂ, ಅದು ದಯೆಯಲ್ಲ, ಮಮಕಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಾಡಿನ ಕಾಡುಹಕ್ಕಿಗಳನ್ನು ಹಿಡಿದು ಸಾಕುವುದು ಅಪರಾಧ. ಕಾಯ್ದೆಯು ದಂಡದ ಭಯದಿಂದ ಮಾಡಿಸುವುದನ್ನು ಭಕ್ತನು ನಿರಹಂಕಾರದಿಂದ ಮಾಡಬೇಕು. ಕೆಲವೊಮ್ಮೆ ಎಷ್ಟು ಆರೈಕೆ ಮಾಡಿದರೂ ಮರಿಯು ಉಳಿಯುವುದಿಲ್ಲ. ಮಕ್ಕಳು ಅಳುತ್ತಾರೆ, ಅಳಲಿ. ಮಾಡುವುದಷ್ಟೇ ತನ್ನದು, ಉಳಿವು ಶಿವನದು ಎಂಬ ಪಾಠವನ್ನು ಆ ಕಣ್ಣೀರು ಕಲಿಸುತ್ತದೆ.

ಹಾಗಾದರೆ ಕಾಗೆಯು ಗೂಡಿನಿಂದ ಮರಿಯನ್ನು ಕಚ್ಚಿ ಒಯ್ದರೆ? ಕಾಗೆಗೂ ಮರಿಗಳಿವೆ, ಅದರ ಹಸಿವೂ ಸೃಷ್ಟಿಯೊಳಗಿನದೇ. ಅಲ್ಲಿ ಮನುಷ್ಯನು ನ್ಯಾಯಾಧೀಶನಲ್ಲ. ಆದರೆ ಮನುಷ್ಯನ ಕೈಯಿಂದಲೇ ಗೂಡು ಬಿದ್ದಾಗ ಹೊಣೆಯು ಪೂರ್ತಿ ಅವನದು. ಇಂದು ಹಳೆಯ ಮಾಳಿಗೆಗಳನ್ನು ಕೆಡವಿ ಸಿಮೆಂಟಿನ ಮನೆಗಳನ್ನು ಕಟ್ಟುತ್ತಿದ್ದಾರೆ. ನಯವಾದ ಗೋಡೆಯಲ್ಲಿ ಗುಬ್ಬಿಗೆ ಸಂದಿಯೇ ಸಿಗದು. ಜಂತಿ ಬಿಚ್ಚುವ ಮೊದಲು, ಬೇವಿನ ಕೊಂಬೆ ಕಡಿಯುವ ಮೊದಲು, ತಲೆಯೆತ್ತಿ ನೋಡಬೇಕು. ಗುಬ್ಬಿಮರಿಯು ಮೊಟ್ಟೆಯೊಡೆದು ಹೊರಬಂದ ಸುಮಾರು 15 ದಿನಗಳಲ್ಲಿ ಗೂಡು ಬಿಡುತ್ತದೆ. ಕೂಲಿಯವರು ಬಂದು ನಿಂತಿರುವಾಗ ಅಷ್ಟು ದಿನ ಕೆಲಸ ತಡೆಯುವುದು ನಷ್ಟವೇ ಸರಿ. ಆ ನಷ್ಟವನ್ನು ಸಹಿಸುವಲ್ಲಿಯೇ ದಯೆಯು ಮಾತಾಗಿ ಉಳಿಯದೆ ಆಚಾರವಾಗುತ್ತದೆ.

ಅಕ್ಕಮಹಾದೇವಿಯು ವನದ ಪಕ್ಷಿಗಳನ್ನು ಕರೆದು ತನ್ನ ಒಡೆಯನ ಸುಳಿವನ್ನು ಕೇಳಿದಳು. ಅವುಗಳಿಗೂ ಆತನ ಅರಿವುಂಟೆಂಬ ಗೌರವ ಆ ಕೇಳುವಿಕೆಯಲ್ಲಿದೆ. ಅದೇ ಗೌರವವಿದ್ದ ಮನೆಯಲ್ಲಿ ಹಕ್ಕಿಯ ಮರಿಯು ಆಟಿಗೆಯೂ ಆಗದು, ಕಸವೂ ಆಗದು. ಎತ್ತಬೇಕಾದಾಗ ಎತ್ತುವ ಕೈ, ಬಿಡಬೇಕಾದಾಗ ಬಿಡುವ ಕೈ, ಇವೆರಡೂ ಒಬ್ಬನಲ್ಲಿಯೇ ಕೂಡಿದಾಗ ಅವನು ಸದ್ಭಕ್ತನು. ಗೃಹಸ್ಥರು ತಮ್ಮ ಮಕ್ಕಳಿಗೆ ಈ ಆಚಾರವನ್ನು ಎಳವೆಯಿಂದಲೇ ಕಲಿಸಲಿ; ಸಕಲ ಪ್ರಾಣಿಗಳಿಗೂ ಶಿವನು ಮಂಗಳವನ್ನುಂಟುಮಾಡಲಿ.