ಬಂಗು ಮತ್ತು ನೋಡುವ ಕಣ್ಣು

ಹೆಂಗಸರ ದುಃಖಗಳಲ್ಲಿ ಕೆಲವಕ್ಕೆ ಮರ್ಯಾದೆಯಿದೆ, ಕೆಲವಕ್ಕಿಲ್ಲ. ಮಂಡಿನೋವು ಎಂದರೆ ನಾಲ್ಕು ಜನ ಕುಳಿತು ಕೇಳುತ್ತಾರೆ. ಮುಖದ ಮೇಲೆ ಬಂಗು ಬಂದು ಮನಸ್ಸಿಗೆ ಬೇಜಾರಾಗಿದೆ ಎಂದರೆ ಮಾತ್ರ, ‘ಈ ವಯಸ್ಸಿನಲ್ಲಿ ಯಾರಿಗೆ ತೋರಿಸಬೇಕು?’ ಎಂದು ನಗುತ್ತಾರೆ. ನೋವಿಲ್ಲ, ಜೀವಕ್ಕೆ ಅಪಾಯವಿಲ್ಲ. ಹಾಗಿದ್ದ ಮೇಲೆ ಈ ದುಃಖ ನ್ಯಾಯವಾದದ್ದೇ, ಅಥವಾ ಬರಿಯ ರೂಪದ ಹಂಬಲವೇ?

ವೈದ್ಯರು ಇದನ್ನು ಮೆಲಾಸ್ಮಾ ಎನ್ನುತ್ತಾರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೆನ್ನೆ, ಹಣೆ, ಮೇಲ್ದುಟಿಗಳಲ್ಲಿ ಹೆಚ್ಚಾಗಿ ಸೇರಿ ಕಂದು ಕಲೆಯಾಗುತ್ತದೆ. ಬಸುರಿನ ಹಾರ್ಮೋನುಗಳು, ಗರ್ಭನಿರೋಧಕ ಮಾತ್ರೆ, ಬಿಸಿಲು, ವಂಶದ ಗುಣ ಇದಕ್ಕೆ ಕಾರಣಗಳು. ಗಂಡಸರಿಗೂ ಬರುತ್ತದೆ, ಹೆಂಗಸರಲ್ಲಿ ಬಹಳ ಹೆಚ್ಚು. ತಾಯ್ತನವನ್ನೂ ದುಡಿಮೆಯನ್ನೂ ನಾವು ಬಾಯ್ತುಂಬ ಹೊಗಳುತ್ತೇವೆ. ಹೆತ್ತದ್ದರ, ಬಿಸಿಲಲ್ಲಿ ದುಡಿದದ್ದರ ಗುರುತು ಕೆನ್ನೆಯ ಮೇಲೆ ಉಳಿದರೆ ಮಾತ್ರ ನಮಗೆ ಸಹಿಸದು.

ನನ್ನ ಸಹೋದ್ಯೋಗಿಯೊಬ್ಬರಿಗೆ ಎರಡನೆಯ ಬಾಣಂತನದ ನಂತರ ಬಂಗು ನಿಂತುಬಿಟ್ಟಿತು. ಗಣಿತ ಪಾಠದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೂ ಶಾಲೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲು ಹುಡುಕುತ್ತಿದ್ದರು. ಮದುವೆಮನೆಗೆ ಹೋಗುವುದನ್ನೇ ಬಿಟ್ಟರು. ಅರಿಸಿನ ಕುಂಕುಮಕ್ಕೆ ಹೋದಲ್ಲೆಲ್ಲ ಮೊದಲ ಮಾತು, ‘ಏನ್ರೀ, ಮುಖಕ್ಕೆ ಏನಾಯ್ತು?’ ಎರಡನೆಯದು ಔಷಧಿ. ಒಬ್ಬರು ಜಾಯಿಕಾಯಿ ತೇದು ಹಚ್ಚಿ ಎಂದರೆ ಇನ್ನೊಬ್ಬರು ನಿಂಬೆರಸ ಎನ್ನುವರು. ‘ಲೆಕ್ಕ ತಪ್ಪಿದರೆ ತಿದ್ದಬಹುದು ಮೇಡಂ, ಮುಖ ತಿದ್ದೋದು ಹೇಗೆ?’ ಎಂದು ಅವರೊಮ್ಮೆ ನಕ್ಕಾಗ ನನಗೆ ನಗು ಬರಲಿಲ್ಲ.

ವೈದ್ಯಲೋಕ ಈ ಅಳುಕನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ಚರ್ಮದ ತೊಂದರೆ ಬದುಕನ್ನು ಎಷ್ಟು ಬಾಧಿಸುತ್ತದೆಂದು ಅಳೆಯಲು 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ವೈದ್ಯರು 10 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. 2003ರಲ್ಲಿ ಬಂಗಿನ ತೊಂದರೆಗೆಂದೇ 10 ಪ್ರಶ್ನೆಗಳ ಇನ್ನೊಂದು ಪಟ್ಟಿ ಬಂತು. ಅದು ಕಲೆ ಎಷ್ಟಗಲ ಎಂದು ಕೇಳುವುದಿಲ್ಲ. ಬೇಸರವೇ, ನಾಚಿಕೆಯೇ, ಜನರ ಜೊತೆ ಬೆರೆಯಲು ಅಡ್ಡಿಯೇ ಎಂದು ಕೇಳುತ್ತದೆ. ಕಲೆ ಚಿಕ್ಕದಾದರೆ ಸಂಕಟವೂ ಚಿಕ್ಕದಾಗಿರಬೇಕೆಂದಿಲ್ಲ ಎಂಬುದು ಇಂಥ ಅಳತೆಗಳಿಂದ ತಿಳಿದುಬಂದಿದೆ.

ಈ ಸಂಕಟವನ್ನು ನಾವು ನಕ್ಕು ತಳ್ಳಿದರೆ ಅದು ಹೋಗುವುದು ಔಷಧಿ ಅಂಗಡಿಗೆ. ಅಲ್ಲಿ ಸಿಗುವ ಸ್ಟೀರಾಯ್ಡ್ ಮುಲಾಮು ಮೊದಲು ಮುಖವನ್ನು ತಿಳಿಯಾಗಿಸುತ್ತದೆ. ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗಿ, ಕೆಂಪಾಗಿ ಉರಿಯುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂಥ 14 ಸ್ಟೀರಾಯ್ಡುಗಳ ಮುಲಾಮುಗಳನ್ನು ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಬೇಕಾಯಿತು. ಚರ್ಮವೈದ್ಯರ ಸಲಹೆ, ಬಿಸಿಲಿನಿಂದ ರಕ್ಷಣೆ, ತಾಳ್ಮೆ ಇದ್ದರೆ ಬಂಗು ಮಾಸುತ್ತದೆ. ಮತ್ತೆ ಮರಳುವುದೂ ಉಂಟು.

‘ರೂಪಕ್ಕಿಂತ ಗುಣ ಮುಖ್ಯ’ ಎಂದು ನಾವು ಸಮಾಧಾನ ಹೇಳುತ್ತೇವೆ. ಮಾತು ನಿಜವೇ. ಆದರೆ ಅದನ್ನು ಹೇಳುವುದು ಕಲೆಯಿರುವವಳಿಗೆ. ಹೇಳಬೇಕಾದದ್ದು ಅವಳನ್ನು ನೋಡುವವರಿಗಲ್ಲವೇ? ಕನ್ನಡಿಯಿಲ್ಲದೆ ತನ್ನ ಮುಖ ಯಾರಿಗೂ ಕಾಣದು. ಅದು ಬಾಳುವುದೆಲ್ಲ ಎದುರಿಗಿರುವವರ ಕಣ್ಣಿನಲ್ಲಿ. ಹಾಗಾಗಿ ಅವಳ ಸಂಕಟದಲ್ಲಿ ಅರ್ಧಭಾಗ ನಮ್ಮದು, ಅದನ್ನು ಇಳಿಸುವ ಹೊಣೆಯೂ ನಮ್ಮದೇ. ಕಾಳಜಿಯಿಂದ ಕೇಳಿದೆವೆಂದುಕೊಂಡರೂ ಹತ್ತನೆಯ ಸಲ ಕೇಳಿಸಿಕೊಳ್ಳುವವಳಿಗೆ ಅದು ಕಾಳಜಿಯಾಗಿ ಉಳಿದಿರುವುದಿಲ್ಲ. ಅವಳಾಗಿ ಹೇಳಿದರೆ ನಗದೆ ಕೇಳೋಣ. ಹೇಳದಿದ್ದರೆ, ‘ಮಕ್ಕಳು ಹೇಗಿದ್ದಾರೆ, ಈಚೆಗೆ ಏನು ಓದಿದಿರಿ?’ ಎಂದು ವಿಚಾರಿಸೋಣ.