ಒಕ್ಕಲುತನದಲ್ಲಿ ಸಲ್ಲುವ ಬೆಲೆ

ಶರಣಧರ್ಮದಲ್ಲಿ ಕಾಯಕಕ್ಕಿರುವ ಸ್ಥಾನವನ್ನು ವಿವರಿಸುವಾಗ ನುಲಿಯ ಚಂದಯ್ಯನವರ ವೃತ್ತಾಂತವನ್ನು ಸ್ಮರಿಸದವರಿಲ್ಲ. ಹುಲ್ಲನ್ನು ಕೊಯ್ದು ತಂದು, ಹೊಸೆದು, ಹಗ್ಗ ಮಾಡಿ ಮಾರಿ, ಬಂದ ಹಣದಿಂದ ಜಂಗಮದಾಸೋಹವನ್ನು ನಡೆಯಿಸುತ್ತಿದ್ದ ಆ ಶರಣರು, ಒಮ್ಮೆ ತಮ್ಮ ಹಗ್ಗಕ್ಕೆ ಸಲ್ಲತಕ್ಕುದಕ್ಕಿಂತ ಅಧಿಕವಾದ ಹೊನ್ನು ಬಂದಾಗ ಅದನ್ನು ಒಪ್ಪಲಿಲ್ಲವೆಂದು ಶೂನ್ಯಸಂಪಾದನೆಯು ತಿಳಿಸುತ್ತದೆ. ಕೊಟ್ಟವರು ಬಸವಣ್ಣನವರು, ಕೊಟ್ಟುದು ಭಕ್ತಿಯಿಂದ. ಆದರೂ ಅದು ಕಾಯಕದ ಫಲವಲ್ಲವೆಂದು ಚಂದಯ್ಯನವರು ತಿರಸ್ಕರಿಸಿದರು.

ಈ ಪ್ರಸಂಗವನ್ನು ನಿರ್ಲೋಭತೆಗೆ ದೃಷ್ಟಾಂತವಾಗಿ ಹೇಳುವುದು ರೂಢಿಯಾಗಿದೆ. ಅದು ಸರಿಯಾದುದೇ. ಆದರೆ ಇದರೊಳಗೆ ಅಡಗಿರುವ ಇನ್ನೊಂದು ಅರ್ಥದ ಕಡೆಗೆ ನಮ್ಮ ಪ್ರವಚನಕಾರರು ಅಷ್ಟಾಗಿ ದೃಷ್ಟಿ ಹಾಯಿಸಿದಂತೆ ಕಾಣದು. ಹೆಚ್ಚಾಗಿ ಬಂದುದನ್ನು ಹೆಚ್ಚೆಂದು ಹೇಳಬೇಕಾದರೆ, ಹಗ್ಗಕ್ಕೆ ಸಲ್ಲುವ ಬೆಲೆ ಇಷ್ಟೆಂಬುದು ಮೊದಲು ಗೊತ್ತಿರಬೇಕಷ್ಟೆ. ಹಾಗಿದ್ದ ಮೇಲೆ ಅದಕ್ಕಿಂತ ಕಡಮೆಯಾಗಿ ಕೊಟ್ಟುದು ಶುದ್ಧವೆ? ಅಧಿಕವನ್ನು ಪಡೆದ ದೋಷವು ಮಾರಿದವನನ್ನು ಮುಟ್ಟುವುದಾದರೆ, ನ್ಯೂನವಾಗಿ ಕೊಟ್ಟ ದೋಷವು ಕೊಂಡವನನ್ನು ಮುಟ್ಟದೆ ಬಿಡುವುದೆ? ಹಗ್ಗದ ಮಾತನ್ನು ಇಲ್ಲಿಗೆ ಬಿಟ್ಟು, ಜೋಳ, ಕಡಲೆ, ಹೆಸರುಗಳನ್ನು ಬೆಳೆಯುವ ಎರೆಹೊಲದ ಒಕ್ಕಲಿಗನ ವಿಷಯದಲ್ಲಿ ಈ ಪ್ರಶ್ನೆಯನ್ನು ಎತ್ತಿ ನೋಡಬೇಕಾಗಿದೆ.

ಹಿಡುವಳಿಯು ದಿನೇದಿನೇ ಕುಗ್ಗುತ್ತಿರುವುದು ಎಲ್ಲರೂ ಬಲ್ಲ ಸಂಗತಿ. 1970-71ರ ಕೃಷಿಗಣತಿಯಲ್ಲಿ ಭಾರತದ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 2.28 ಹೆಕ್ಟೇರು, 2015-16ರ ಗಣತಿಯ ವೇಳೆಗೆ ಅದು 1.08 ಹೆಕ್ಟೇರಿಗೆ, ಅಂದರೆ ಎರಡು ಮುಕ್ಕಾಲು ಎಕರೆಗಿಂತಲೂ ಕೆಳಕ್ಕೆ, ಇಳಿದಿತ್ತು. ನೂರರಲ್ಲಿ 86 ಹಿಡುವಳಿಗಳು ಎರಡು ಹೆಕ್ಟೇರಿನ ಒಳಗಿನವು. ಅಣ್ಣತಮ್ಮಂದಿರು ಬೇರೆಯಾದಂತೆಲ್ಲ ಹೊಲದ ಬದುಗಳು ಹೆಚ್ಚಿದವು. ಎತ್ತು, ಬಂಡಿ, ಬಾವಿಗಳ ಖರ್ಚು ಮಾತ್ರ ಪಾಲಾಗಲಿಲ್ಲ.

ಇಂತಹ ಹೊಲದಲ್ಲಿ ಲಾಭವೆಂಬುದನ್ನು ಎಣಿಸುವ ಬಗೆ ಹೇಗೆ? ಬೆಂಬಲ ಬೆಲೆಯನ್ನು ಸೂಚಿಸುವ ಕೇಂದ್ರದ ಕೃಷಿ ಬೆಲೆಗಳ ಆಯೋಗವು ಖರ್ಚನ್ನು ಮೂರು ಬಗೆಯಾಗಿ ಎಣಿಸುತ್ತದೆ. ಬೀಜ, ಗೊಬ್ಬರ, ಔಷಧಿ, ಕೂಲಿ, ಬಾಡಿಗೆ ಮುಂತಾಗಿ ಕೈಯಿಂದ ಕೊಟ್ಟ ಖರ್ಚು ಮೊದಲನೆಯದು. ಅದಕ್ಕೆ ಮನೆಯವರ ದುಡಿಮೆಯ ಬೆಲೆಯನ್ನು ಕೂಡಿಸಿದರೆ ಎರಡನೆಯದು. ಸ್ವಂತ ಭೂಮಿಯ ಗೇಣಿಯನ್ನೂ ತೊಡಗಿಸಿದ ಸ್ವಂತ ಬಂಡವಾಳದ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿದರೆ ಮೂರನೆಯದು. ತಿಳಿವಿಗಾಗಿ ಒಂದು ಅಂಕಿಯನ್ನು ಕಲ್ಪಿಸಿಕೊಳ್ಳೋಣ. ಎರಡೆಕರೆ ಹೊಲಕ್ಕೆ ಒಕ್ಕಲಿಗನು ಕೈಯಿಂದ 20,000 ರೂಪಾಯಿ ಹಾಕಿ, ಬೆಳೆಯನ್ನು 30,000ಕ್ಕೆ ಮಾರಿದನೆಂದರೆ 10,000 ಉಳಿಯಿತೆಂದು ಅವನು ಹಿಗ್ಗುತ್ತಾನೆ. ಆದರೆ ಆ ಹೊಲದಲ್ಲಿ ಗಂಡಹೆಂಡಿರು ಕೂಡಿ ಅರುವತ್ತು ಆಳಿನ ಕೆಲಸ ಮಾಡಿದ್ದರೆ, ಆಳಿಗೆ 300ರಂತೆ 18,000 ರೂಪಾಯಿಯಾಯಿತು. ಉಳಿತಾಯವಿದ್ದಲ್ಲಿ 8,000ದ ನಷ್ಟ ಕಾಣಿಸಿತು. ಭೂಮಿಯ ಗೇಣಿ, ಬಡ್ಡಿಗಳೆಂದು ಇನ್ನೊಂದು 10,000 ಹಿಡಿದರೆ ನಷ್ಟವು 18,000ಕ್ಕೆ ಏರಿತು. ಹೊಲ ಅದೇ, ಬೆಳೆ ಅದೇ, ಸಂತೆ ಅದೇ. ಯಾವುದನ್ನು ದುಡಿಮೆಯೆಂದು ಎಣಿಸಬೇಕೆಂಬ ತೀರ್ಮಾನವೊಂದೇ ಬೇರೆ. ಆದಕಾರಣ ಇದು ಬರಿಯ ಗಣಿತದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

2018-19ರ ಕೇಂದ್ರ ಆಯವ್ಯಯದಲ್ಲಿ ಖರ್ಚಿನ ಒಂದೂವರೆ ಪಟ್ಟು ಬೆಂಬಲ ಬೆಲೆಯನ್ನು ಘೋಷಿಸಲಾಯಿತು. ಅಲ್ಲಿ ಹಿಡಿದ ಖರ್ಚು ಎರಡನೆಯ ಬಗೆಯದು. ಮೂರನೆಯದನ್ನೇ ಹಿಡಿಯಬೇಕೆಂಬುದು ರೈತಸಂಘಟನೆಗಳ ಆಗ್ರಹ. ಆ ವಾದವಿವಾದ ಹಾಗಿರಲಿ. ಘೋಷಿತವಾದ ಬೆಲೆಯು ಕೊಳ್ಳುವ ಕೇಂದ್ರ ತೆರೆಯುವುದರೊಳಗೆ ಮಾಲು ಮಾರಿಕೊಂಡ ಸಣ್ಣ ಹಿಡುವಳಿದಾರನಿಗೆ ದಕ್ಕುವುದಿಲ್ಲ. ರಾಶಿಯಾದ ವಾರದಲ್ಲಿಯೇ ಸಾಲಗಾರನು ಬಾಗಿಲಿಗೆ ಬರುವನಾದುದರಿಂದ, ದರ ಏರುವ ತನಕ ಕಾಳನ್ನು ಹಗೇವಿನಲ್ಲಿಡುವ ತಾಳ್ಮೆಯೂ ಉಳ್ಳವರ ಸೊತ್ತಾಗಿದೆ. 1905ರಷ್ಟು ಹಿಂದೆಯೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪ್ರಾಥಮಿಕ ಸಹಕಾರಿ ಸಂಘವನ್ನು ಕಟ್ಟಿ ಬಡ್ಡಿಯ ಬಾಯಿಗೆ ಕಡಿವಾಣ ಹಾಕಲು ತೊಡಗಿದರು. ಅದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ. ಆದರೆ ಸಾಲವು ಸುಲಭವಾದ ಮಾತ್ರಕ್ಕೆ ಬೆಲೆಯು ನ್ಯಾಯವಾಗುವುದಿಲ್ಲ.

ನಷ್ಟವಾದರೂ ಇವನೇಕೆ ಒಕ್ಕಲುತನವನ್ನು ಬಿಡುವುದಿಲ್ಲವೆಂದು ಪಟ್ಟಣಿಗರು ಕೇಳುವುದುಂಟು. ರಷ್ಯಾದೇಶದ ಅರ್ಥಶಾಸ್ತ್ರಜ್ಞ ಚಯಾನೋವ್ ಎಂಬವರು 1925ರ ತಮ್ಮ ಗ್ರಂಥದಲ್ಲಿ ಇದಕ್ಕೆ ಕಾರಣವನ್ನು ವಿವೇಚಿಸಿದ್ದಾರೆ. ಒಕ್ಕಲಿಗನ ಮನೆಯು ಕಾರಖಾನೆಯಲ್ಲ. ಅದು ಉಣ್ಣುವ ಬಾಯಿಗಳನ್ನೂ ದುಡಿಯುವ ಕೈಗಳನ್ನೂ ತೂಗಿ ನೋಡಿ ನಡೆಯುತ್ತದೆ. ಬಾಯಿಗಳು ಹೆಚ್ಚಿದಾಗ, ಗಿಟ್ಟುವ ಪ್ರತಿಫಲವು ಎಷ್ಟು ಅಲ್ಪವಾದರೂ ಕೈಗಳು ಇನ್ನಷ್ಟು ದುಡಿಯುತ್ತವೆ, ಎಂಬುದು ಅವರ ಮತದ ಸಾರ. ನಮ್ಮ ಹಳ್ಳಿಯ ಅಜ್ಜಿಯರಿಗೆ ಇದನ್ನು ಯಾವ ಗ್ರಂಥವೂ ಕಲಿಸಬೇಕಾಗಿರಲಿಲ್ಲ. ಕಾರಖಾನೆಯವನು ನಷ್ಟವಾದರೆ ಕೀಲಿ ಹಾಕುತ್ತಾನೆ. ಒಕ್ಕಲಿಗನು ಒಪ್ಪತ್ತು ಉಂಡು ಬಿತ್ತುತ್ತಾನೆ. ಅವನ ಈ ಗುಣವೇ ಧಾನ್ಯದ ದರವನ್ನು ತಗ್ಗಿಸಿಟ್ಟಿದೆಯೆಂದರೆ ತಪ್ಪಾಗದು. ಅಗ್ಗದ ಜೋಳವನ್ನು ಉಣ್ಣುವವರೆಲ್ಲರೂ ಆ ಒಪ್ಪತ್ತಿನ ಪಾಲುದಾರರು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಕಾಯಕವು ಈಶ್ವರಾರ್ಪಣವಾದುದು; ಅದಕ್ಕೆ ಕೂಲಿಯ ಲೆಕ್ಕವನ್ನು ಹಚ್ಚುವುದು ಭವಿಗಳ ಮಾತು; ಅನ್ನದಾತನಾದ ಒಕ್ಕಲಿಗನು ಫಲಾಪೇಕ್ಷೆಯಿಲ್ಲದೆ ದುಡಿಯಬೇಕು, ಎಂದು ಕೆಲವರು ವಾದಿಸುತ್ತಾರೆ. ಹಾಗೆ ವಾದಿಸುವವರಲ್ಲಿ ಹೆಚ್ಚಿನವರು ತಿಂಗಳ ಸಂಬಳದವರೆಂಬುದು ಗಮನಿಸತಕ್ಕ ವಿಷಯ. ಅದಿರಲಿ, ಆಕ್ಷೇಪವು ತತ್ತ್ವಕ್ಕೂ ಹೊಂದುವುದಿಲ್ಲ. ಕಾಯಕಕ್ಕೆ ದಾಸೋಹವೆಂಬ ಅಂಗವಿದೆ. ಕಾಯಕದಿಂದ ಬಂದುದರಲ್ಲಿ ತಾನು ಉಂಡು, ಉಳಿದುದನ್ನು ಗುರುಲಿಂಗಜಂಗಮಕ್ಕೂ ಸಮಾಜಕ್ಕೂ ಸಲ್ಲಿಸುವುದು ಶರಣರು ಹಾಕಿದ ಮೇಲ್ಪಂಕ್ತಿ. ಉಳಿಯುವುದೇ ಇಲ್ಲದಲ್ಲಿ ದಾಸೋಹವೆಲ್ಲಿಂದ ಬಂದೀತು? ಆಗ ಎರಡರಲ್ಲೊಂದು ನಡೆಯುತ್ತದೆ: ಒಕ್ಕಲಿಗನು ದಾಸೋಹವನ್ನು ಬಿಡುತ್ತಾನೆ, ಇಲ್ಲವೆ ಸಾಲ ಮಾಡಿ ನಡೆಯಿಸುತ್ತಾನೆ. ಜಾತ್ರೆಗೆ, ಅಯ್ಯಾಚಾರಕ್ಕೆ, ಮದುವೆಗೆ ಸಾಲದ ಅಕ್ಕಿಬೇಳೆ ಬೇಯುವುದನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಅಂತಹ ಪ್ರಸಾದವು ಯಾರ ಕಾಯಕದ್ದು? ಬಡ್ಡಿಯವನದೆನ್ನಬೇಕಾದೀತು. ಸುಗ್ಗಿಯ ಕಾಣಿಕೆಯನ್ನು ಸ್ವೀಕರಿಸುವ ಮಠಗಳೂ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಲೇಸು. ಮುಂದೆ ಬಂದ ಚೀಲವು ಹಗೇವಿನಿಂದ ಬಂದಿತೋ ಅಂಗಡಿಯಿಂದ ಬಂದಿತೋ ಎಂದು ವಿಚಾರಿಸಿದರೆ ಮಠದ ಗೌರವಕ್ಕೆ ಕುಂದಿಲ್ಲ.

ಆದರೆ ಬೆಲೆಯೊಂದು ಏರಿದೊಡನೆ ಎಲ್ಲವೂ ನೆಟ್ಟಗಾಗುವುದೆಂಬುದೂ ಪೂರ್ಣ ಸತ್ಯವಲ್ಲ. ಕೇಂದ್ರ ಸರಕಾರವು 2018-19ರ ಕೃಷಿವರ್ಷಕ್ಕೆ ಸಂಬಂಧಿಸಿ ನಡೆಯಿಸಿದ ಸಮೀಕ್ಷೆಯಂತೆ, ದೇಶದ ಒಂದು ಕೃಷಿಕುಟುಂಬದ ಸರಾಸರಿ ತಿಂಗಳ ವರಮಾನ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದುದು 3,798, ಕೂಲಿಸಂಬಳಗಳಿಂದ ಬಂದುದು 4,063, ದನಕರುಗಳಿಂದ 1,582. ಒಕ್ಕಲಿಗನೆಂದು ನಾವು ಕರೆಯುವವನು ಬೆಳೆಗಿಂತ ಹೆಚ್ಚಾಗಿ ಪರರ ಕೆಲಸದಿಂದ ಬದುಕುತ್ತಿದ್ದಾನೆ! ನೂರರಲ್ಲಿ ಐವತ್ತು ಕುಟುಂಬಗಳಿಗೆ ಸಾಲವಿತ್ತು. ಸರಾಸರಿ ಸಾಲ 74,121 ರೂಪಾಯಿ. ಎರಡೆಕರೆಯವನು ವರ್ಷದ ಆರು ತಿಂಗಳು ತಾನೇ ಧಾನ್ಯವನ್ನು ಕೊಳ್ಳುವವನು. ಜೋಳದ ದರ ಏರಿದರೆ ಸುಗ್ಗಿಯಲ್ಲಿ ಅವನಿಗೆ ಸಂತೋಷ, ಆಷಾಢದಲ್ಲಿ ಸಂಕಟ. ಆದುದರಿಂದ ಸಲ್ಲುವ ಬೆಲೆಯೆಂಬುದು ಧಾನ್ಯಕ್ಕಷ್ಟೇ ಅಲ್ಲ, ಕೂಲಿಗೂ ಹಾಲಿಗೂ ಸಲ್ಲಬೇಕು. ಮಂಡಿಯಲ್ಲಿ ತನಗೆ ಅನ್ಯಾಯವಾಯಿತೆಂದು ಕೊರಗುವವನು ತನ್ನ ಹೊಲದಲ್ಲಿ ಕಳೆ ತೆಗೆದ ಹೆಣ್ಣಾಳಿಗೆ ಗಂಡಾಳಿಗಿಂತ ಕಡಮೆ ಕೂಲಿಯನ್ನು ಸಂಕೋಚವಿಲ್ಲದೆ ಎಣಿಸಿ ಕೊಡುವುದನ್ನು ಏನೆನ್ನಬೇಕು? ಚಂದಯ್ಯನವರ ತಕ್ಕಡಿಯು ಅಲ್ಲಿಯೂ ತೂಗುತ್ತದೆ.

ಅದು ಮನೆಯೊಳಗೂ ತೂಗಬೇಕಾಗಿದೆ. ಮೇಲೆ ಹೇಳಿದ ಅರುವತ್ತು ಆಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಡತಿಯದು. ಬೀಜವನ್ನು ಹಸನು ಮಾಡಿ ಬೂದಿ ಬೆರೆಸಿ ಕಾಪಿಡುವವಳು ಅವಳು. ಕಳೆ ತೆಗೆಯುವವಳು, ತೆನೆ ಮುರಿಯುವವಳು, ಕಣದಲ್ಲಿ ತೂರುವವಳು ಅವಳು. ಹೈನಿನ ಕೆಲಸವಂತೂ ಕೋಳಿ ಕೂಗುವ ಮೊದಲೇ ತೊಡಗುತ್ತದೆ. ಸಮೀಕ್ಷೆಯು ದನಕರುಗಳ ವರಮಾನವೆಂದು ಬರೆದುಕೊಂಡುದು ಬಹುಪಾಲು ಅವಳ ಬೆವರು. ಬೆಲೆಗಳ ಆಯೋಗವಾದರೂ ಮನೆಯವರ ದುಡಿಮೆಯನ್ನು ಒಂದು ಕಲಮಿನಲ್ಲಿ ಬರೆಯುತ್ತದೆ. ಒಕ್ಕಲಿಗನ ಕಿಸೆಪುಸ್ತಕದಲ್ಲಿ ಆ ಕಲಮಿಲ್ಲ. 2019ರಿಂದ ಕೇಂದ್ರ ಸರಕಾರವು ರೈತಕುಟುಂಬಗಳಿಗೆ ಕೊಡತೊಡಗಿದ ವರ್ಷದ 6,000 ರೂಪಾಯಿ ಸಹ ಉತಾರದಲ್ಲಿ ಹೆಸರುಳ್ಳವರ ಖಾತೆಗೆ ಜಮೆಯಾಗುತ್ತದೆ; ಉತಾರದಲ್ಲಿ ಅವಳ ಹೆಸರು ಇರುವುದು ವಿರಳ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬಸವಣ್ಣನವರ ಮಹಾಮನೆಯ ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವರು ಲಕ್ಕಮ್ಮನವರು. ಹಾಗೆ ಹೇಳಬೇಕಾದರೆ ಆ ಮನೆಗೆ ದಿನಕ್ಕೆಷ್ಟು ಅಕ್ಕಿ ಬರುವುದು, ಎಷ್ಟು ಸಲ್ಲುವುದು, ಎಷ್ಟು ಬೇಯುವುದು ಎಂಬುದೆಲ್ಲ ಅವರಿಗೆ ಕರತಲಾಮಲಕವಾಗಿದ್ದಿರಬೇಕು. ಗಂಡನು ತಂದ ಗಂಟನ್ನು ಬಿಚ್ಚಿ ಅಳೆಯುವ ಅಧಿಕಾರವೂ ಇದ್ದಿರಬೇಕು. ಇಂದು ಮಾಲು ಮಾರಿ ಬಂದ ಗೃಹಸ್ಥನು ದಲ್ಲಾಳಿಯ ಅಂಗಡಿಯ ಪಟ್ಟಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಕಿಸೆಗೆ ಸೇರಿಸುತ್ತಾನೆ. ತೂಕ, ದರ, ಹಮಾಲಿ, ಮುಂಗಡಕ್ಕೆ ಮುರಿದುಕೊಂಡ ಹಣ ಎಲ್ಲವೂ ಅದರಲ್ಲಿರುತ್ತವೆ. ಕೈಗೆಷ್ಟು ಬಂತೆಂದು ಹೆಂಡತಿಯು ಕೇಳುವುದು ರೊಟ್ಟಿಯನ್ನು ಬಡಿಸುವಾಗ. ಉತ್ತರವು ಬರುವುದು ಬೀಜಕ್ಕೆಂದು ಅವಳ ಕಾಸಿನ ಸರವನ್ನು ಒತ್ತೆಯಿಡಬೇಕಾದ ದಿನ.