ದಾರಿಯಲ್ಲಿ ಬಿಟ್ಟುಬಂದ ಕಲ್ಲು

ರಾತ್ರಿಯ ವೇಳೆ ನಮ್ಮ ಉತ್ತರ ಕರ್ನಾಟಕದ ರಸ್ತೆಗಳಲ್ಲಿ ಪಯಣಿಸಿದ ನಿಮಗೆ ಈ ನೋಟ ಹೊಸದೇನಲ್ಲ. ರಸ್ತೆಯ ಮೇಲೆ ನಾಲ್ಕಾರು ದಪ್ಪ ಕಲ್ಲುಗಳು ಸಾಲಾಗಿ ಬಿದ್ದಿರುತ್ತವೆ. ಪಕ್ಕದಲ್ಲಿ ಒಣಗಿದ ಜಾಲಿಯ ಟೊಂಗೆಯೊಂದು ಇರುತ್ತದೆ. ವಾಹನ ಮಾತ್ರ ಇರುವುದಿಲ್ಲ. ಯಾರದೋ ಲಾರಿಯೋ ಟ್ರ್ಯಾಕ್ಟರೋ ಅಲ್ಲಿ ಕೆಟ್ಟು ನಿಂತಿತ್ತು. ಹಿಂದಿನಿಂದ ಬರುವವರು ಗುದ್ದದಿರಲೆಂದು ಅವರು ಕಲ್ಲಿಟ್ಟರು. ದುರಸ್ತಿ ಮುಗಿದೊಡನೆ ಹೊರಟುಹೋದರು. ಕಲ್ಲು ಅಲ್ಲಿಯೇ ಉಳಿಯಿತು. ಒಬ್ಬರ ಜೀವ ಕಾಯಲೆಂದು ಇಟ್ಟ ಕಲ್ಲು ಈಗ ಇನ್ನೊಬ್ಬರ ಜೀವಕ್ಕೆ ಹೊಂಚುಹಾಕಿ ಕುಳಿತಿದೆ. ಅಂಥ ಕಲ್ಲುಗಳನ್ನು ಕಂಡಾಗಲೆಲ್ಲ ನಾನು ‘ಎಂಥ ಜನವಪ್ಪಾ’ ಎಂದು ಗೊಣಗಿಕೊಂಡು, ಗಾಡಿಯನ್ನು ಪಕ್ಕಕ್ಕೆ ತಿರುಗಿಸಿ ಮುಂದೆ ಹೋಗುತ್ತಿದ್ದೆ. ಆ ‘ಎಂಥ ಜನ’ ನಾನೇ ಆದ ಒಂದು ರಾತ್ರಿಯ ವಿಷಯವನ್ನು ಇಂದು ನಿಮ್ಮ ಮುಂದೆ ಇಡಬೇಕೆನಿಸಿದೆ.

2022ರ ತಪಸ್ಸುಕಾಲ. ಮೂರನೆಯ ಭಾನುವಾರದ ಹಿಂದಿನ ದಿನ ನನ್ನ ಅಣ್ಣ ಟ್ರ್ಯಾಕ್ಟರಿನಲ್ಲಿ ಕಡಲೆಯ ಚೀಲಗಳನ್ನು ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ ಹೊರಟಿದ್ದ. ನಾನೂ ಜೊತೆಗೆ ಹೋಗಿದ್ದೆ. ನಮ್ಮೂರು ಗಜೇಂದ್ರಗಡದ ಕಡೆಯದು. ಮಾರಾಟ ಮುಗಿಸಿಕೊಂಡು ಬರಿಯ ಟ್ರೇಲರಿನಲ್ಲಿ ಹಿಂದಿರುಗುವುದೇಕೆಂದು ನವಲಗುಂದದ ಮೇಲೆ ನರಗುಂದಕ್ಕೆ ಬಂದು, ಬೀಗರ ಹೊಲದಲ್ಲಿ ನಮಗಾಗಿ ಬಣವೆ ಹಾಕಿಟ್ಟಿದ್ದ ಜೋಳದ ಕಣಿಕೆಯನ್ನು ಹೇರಿಕೊಂಡೆವು. ಊಟ ಮುಗಿಸಿ ರೋಣದ ದಾರಿ ಹಿಡಿದಾಗ ರಾತ್ರಿ ಒಂಬತ್ತು ದಾಟಿತ್ತು. ಎರಡೂ ಬದಿಗೆ ಎರೆಯ ಹೊಲಗಳು, ಅಲ್ಲಲ್ಲಿ ಮಲಪ್ರಭೆಯ ಕಾಲುವೆಗಳು. ಹೋಳಿ ಹುಣ್ಣಿಮೆ ಕಳೆದು ಒಂದೇ ದಿನವಾಗಿದ್ದರಿಂದ ಬೆಳದಿಂಗಳಿತ್ತು.

ನರಗುಂದ ಬಿಟ್ಟು ಒಂದಷ್ಟು ದೂರ ಬಂದಿದ್ದೆವು. ಬಂದೂಕು ಹಾರಿಸಿದಂಥ ಸದ್ದಾಯಿತು. ಟ್ರೇಲರು ಎಡಕ್ಕೆ ವಾಲಿತು. ಇಳಿದು ನೋಡಿದರೆ ಎಡಗಡೆಯ ಟೈರು ಚಿಂದಿಯಾಗಿತ್ತು. ಅದು ರಿಸೋಲ್ ಮಾಡಿಸಿದ ಹಳೆಯ ಟೈರು. ಬೆಳಿಗ್ಗೆ ಹೊರಡುವಾಗಲೇ ಗಾಳಿ ಕಡಿಮೆ ಇರುವಂತೆ ಕಂಡಿತ್ತು. ಗಾಳಿ ಕಡಿಮೆಯಾದ ಟೈರು ಭಾರದ ಕೆಳಗೆ ಪ್ರತಿ ಸುತ್ತಿಗೂ ಮಡಚಿಕೊಳ್ಳುತ್ತದೆ; ಮಡಚಿ ಮಡಚಿ ಒಳಗೇ ಕಾಯುತ್ತದೆ; ಕಾದಂತೆ ರಬ್ಬರು ಮತ್ತು ನೂಲಿನ ಪದರಗಳು ಬಿಟ್ಟುಕೊಳ್ಳುತ್ತವೆ. ಹೋಗುವಾಗಿನ ಕಡಲೆಯ ಭಾರ, ಮಧ್ಯಾಹ್ನದ ಬಿಸಿಲು ಅದನ್ನು ಸೋಲಿಸಿದ್ದವು. ಸಾಯುವುದಕ್ಕೆ ಮಾತ್ರ ಅದು ರಾತ್ರಿಯನ್ನು ಆರಿಸಿಕೊಂಡಿತು.

ಎರೆಯ ನಾಡಿನಲ್ಲಿ ಕಲ್ಲು ಹುಡುಕಿದರೂ ಸಿಗುವುದಿಲ್ಲ. ಸಮೀಪದಲ್ಲೇ ಒಂದು ಸಣ್ಣ ಸೇತುವೆಯ ತಡೆಗೋಡೆ ಕುಸಿದಿತ್ತು. ಅಲ್ಲಿಂದ ಆರು ಕಲ್ಲುಗಳನ್ನು ಹೊತ್ತು ತಂದೆವು. ಎರಡನ್ನು ಬಲಗಡೆಯ ಗಾಲಿಗೆ ಹಿಂದೆ ಮುಂದೆ ಒಡ್ಡಿದೆವು; ನಾಲ್ಕನ್ನು ಹಿಂದಿನಿಂದ ಬರುವವರಿಗೆ ಎಚ್ಚರಿಕೆಯಾಗಲೆಂದು ಟ್ರೇಲರಿನಿಂದ ಇಪ್ಪತ್ತು ಹೆಜ್ಜೆ ಹಿಂದೆ ರಸ್ತೆಯ ಮೇಲೆ ಇಟ್ಟೆವು. ಟ್ರೇಲರಿಗೆ ಹಿಂದೀಪವಿರಲಿಲ್ಲ. ಜಾಕು ಹಚ್ಚಿದರೆ ಅದು ಮೆತ್ತನೆಯ ಮಣ್ಣಿನಲ್ಲಿ ಇಳಿದುಹೋಯಿತು. ಸ್ಟೆಪ್ನಿಯಲ್ಲಿಯೂ ಗಾಳಿಯಿರಲಿಲ್ಲ. ಪಕ್ಕದ ಹೊಲದಲ್ಲಿ ಕುರಿ ತರುಬಿದ್ದ ಕುರಿಗಾರರೊಬ್ಬರು ನಮ್ಮ ಮಾತು ಕೇಳಿ ಎದ್ದು ಬಂದು, ಎಲ್ಲಿಂದಲೋ ಒಂದು ಹಲಗೆ ತಂದು ಜಾಕಿನ ಕೆಳಗೆ ಕೊಟ್ಟರು. ಬೈಕಿನಲ್ಲಿ ಹೋಗುತ್ತಿದ್ದ ಅಪರಿಚಿತ ತರುಣನೊಬ್ಬ ಸ್ಟೆಪ್ನಿಯನ್ನೂ ಅಣ್ಣನನ್ನೂ ಕೂರಿಸಿಕೊಂಡು ರೋಣಕ್ಕೆ ಹೋಗಿ, ಪಂಕ್ಚರ್ ಅಂಗಡಿಯವನನ್ನು ನಿದ್ದೆಯಿಂದ ಎಬ್ಬಿಸಿ, ಗಾಳಿ ಹಾಕಿಸಿಕೊಂಡು ತಿರುಗಿ ಬಂದ. ಅಷ್ಟು ಹೊತ್ತೂ ಕುರಿಗಾರರು ನನ್ನೊಡನೆ ಕೈಯಲ್ಲಿ ಬ್ಯಾಟರಿ ಹಿಡಿದು ನಿಂತಿದ್ದರು. ಹಣ ಕೊಡಹೋದರೆ, “ರೊಕ್ಕ ಯಾತಕ್ರೀ? ನಾಳಿ ನಾವೂ ದಾರ್ಯಾಗ ನಿಲ್ಲಾವ್ರ” ಎಂದು ಕೈ ಹಿಂದಕ್ಕೆ ಸರಿಸಿದರು.

ಎಲ್ಲ ಮುಗಿಯುವಾಗ ಒಂದು ಗಂಟೆ. “ದೇವರು ದೊಡ್ಡಾಂವ, ಮನಿ ಮುಟ್ಟೂಣು ನಡಿ” ಎಂದ ಅಣ್ಣ. ಗಾಲಿಯ ಕಲ್ಲುಗಳನ್ನು ಕಾಲಿನಿಂದ ಬದಿಗೆ ನೂಕಿ ಹೊರಟೆವು. ರೋಣ ದಾಟುವವರೆಗೂ ನಾನು ಮನಸ್ಸಿನಲ್ಲಿಯೇ ಕೃತಜ್ಞತೆಯ ಜಪಸರ ಹೇಳುತ್ತಿದ್ದೆ. ನಮ್ಮ ಹಿಂದೆ ರಸ್ತೆಯ ಮೇಲೆ ನಾಲ್ಕು ಕಲ್ಲುಗಳು ಹಾಗೆಯೇ ಇದ್ದವು. ಅವುಗಳ ನೆನಪು ನನಗೂ ಬರಲಿಲ್ಲ, ಅಣ್ಣನಿಗೂ ಬರಲಿಲ್ಲ.

ನೆನಪು ಬಂದದ್ದು ಮರುದಿನ ಬಲಿಪೂಜೆಯಲ್ಲಿ. ಅಂದಿನ ಶುಭಸಂದೇಶ ಲೂಕನ ಹದಿಮೂರನೆಯ ಅಧ್ಯಾಯದ್ದು. ಸಿಲೋವದ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತ ಸುದ್ದಿಯನ್ನು ಪ್ರಭು ಅಲ್ಲಿ ನೆನೆಯುತ್ತಾರೆ. ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ಭಾವಿಸಬೇಡಿ, ನೀವೂ ಮನಸ್ಸು ತಿರುಗಿಸಿಕೊಳ್ಳಿ ಎಂಬುದು ಅವರ ಮಾತಿನ ಸಾರ. ಗೋಪುರದ ಕಲ್ಲು ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ನಾಲ್ಕು ಕಲ್ಲುಗಳು ಕಣ್ಣ ಮುಂದೆ ಬಂದವು. ಪೂಜೆ ಮುಗಿದೊಡನೆ ಬೈಕನ್ನು ಹತ್ತಿ ಅದೇ ದಾರಿಯಲ್ಲಿ ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದು ಚಿತ್ರ: ಗಂಡ, ಹೆಂಡತಿ, ನಡುವೆ ಮಲಗಿದ ಮಗು, ಒಂದು ಬೈಕು. ಬೆಳದಿಂಗಳು ಇದ್ದರೇನು, ಎದುರಿನ ಲಾರಿಯ ಬೆಳಕು ಕಣ್ಣಿಗೆ ಬಡಿದ ಗಳಿಗೆಯಲ್ಲಿ ನೆಲದ ಮೇಲಿನ ಕಲ್ಲು ಯಾರಿಗೂ ಕಾಣುವುದಿಲ್ಲ.

ಸ್ಥಳದಲ್ಲಿ ಟೈರಿನ ಎರಡು ಚೂರುಗಳು ಬಿದ್ದಿದ್ದವು. ಕಲ್ಲುಗಳು ಇರಲಿಲ್ಲ. ನಾಲ್ಕೂ ಕಲ್ಲುಗಳನ್ನು ಯಾರೋ ಸೇತುವೆಯ ತಡೆಗೋಡೆಯ ಬಳಿಗೆ ಒಯ್ದು, ಒಂದರ ಪಕ್ಕ ಒಂದನ್ನು ಜೋಡಿಸಿಟ್ಟಿದ್ದರು. ಕುರಿಗಾರರು ಹೊಲ ಬಿಟ್ಟು ಮುಂದೆ ಹೋಗಿದ್ದರು. ರಸ್ತೆಯ ಮೇಲೆ ಒಡೆದ ಗಾಜಾಗಲಿ ಕಲೆಯಾಗಲಿ ಕಾಣಲಿಲ್ಲ. ಕಲ್ಲುಗಳನ್ನು ತೆಗೆದವರು ಯಾರು? ಯಾರೂ ಬೀಳುವ ಮುಂಚೆ ತೆಗೆದರೋ, ಬಿದ್ದ ಮೇಲೆ ತೆಗೆದರೋ? ಇಂದಿಗೂ ನನಗೆ ತಿಳಿಯದು. ಅಂದು ಮಾತ್ರ ದೊಡ್ಡದೊಂದು ಸಮಾಧಾನದ ಉಸಿರು ಬಿಟ್ಟೆ. ಆ ಸಮಾಧಾನವೇ ಆಮೇಲೆ ನನ್ನನ್ನು ಪೀಡಿಸತೊಡಗಿತು.

ಓದುಗರೇ, ಇಲ್ಲಿ ಒಂದು ಪ್ರಶ್ನೆಯಿದೆ. ಇಬ್ಬರು ಒಂದೇ ರಾತ್ರಿ, ಒಂದೇ ಬಗೆಯ ಕಲ್ಲನ್ನು ದಾರಿಯಲ್ಲಿ ಬಿಟ್ಟುಹೋಗುತ್ತಾರೆ. ಒಬ್ಬನ ಕಲ್ಲಿಗೆ ಎಡವಿ ಮನುಷ್ಯನೊಬ್ಬ ಸಾಯುತ್ತಾನೆ. ಇನ್ನೊಬ್ಬನ ಕಲ್ಲನ್ನು ಯಾರೋ ಪುಣ್ಯವಂತರು ತೆಗೆದಿಡುತ್ತಾರೆ. ಮೊದಲನೆಯವನನ್ನು ಲೋಕ ಶಪಿಸುತ್ತದೆ. ಎರಡನೆಯವನು ಮನೆಯಲ್ಲಿ ನೆಮ್ಮದಿಯಾಗಿ ಮಲಗುತ್ತಾನೆ. ಆದರೆ ಅವರಿಬ್ಬರೂ ಮಾಡಿದ್ದು ಒಂದೇ ಅಲ್ಲವೇ? ಕೇಡು ಸಂಭವಿಸಲಿಲ್ಲ ಎಂಬುದು ನಿರಪರಾಧದ ಗುರುತೋ, ಅಥವಾ ಬರಿಯ ಅದೃಷ್ಟವೋ? ಸಿಲೋವದ ಮಾತು ಸತ್ತವರನ್ನು ಕುರಿತದ್ದು. ಅದನ್ನು ತಿರುಗಿಸಿ ಓದಿಕೊಂಡರೆ ಬದುಕುಳಿದವರಿಗೂ, ಕೇಡಿನಿಂದ ತಪ್ಪಿಸಿಕೊಂಡ ನನ್ನಂಥವರಿಗೂ ಅನ್ವಯಿಸುತ್ತದೆ. ಬಿದ್ದ ಗೋಪುರ ಪಾಪದ ಸಾಕ್ಷಿಯಲ್ಲವೆಂದ ಮೇಲೆ, ಬೀಳದ ಗೋಪುರ ಪುಣ್ಯದ ಸಾಕ್ಷಿಯೂ ಅಲ್ಲ.

ಪವಿತ್ರ ಗ್ರಂಥದ ಹಳೆಯ ಕಟ್ಟಳೆಗಳನ್ನು ಈ ದೃಷ್ಟಿಯಿಂದ ನೋಡಿ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು, ಅದರಲ್ಲಿ ನೆರೆಯವನ ಎತ್ತೋ ಕತ್ತೆಯೋ ಬಿದ್ದು ಸತ್ತರೆ ಬೆಲೆ ತೆರಬೇಕೆಂದು ವಿಮೋಚನಾಕಾಂಡ ಹೇಳುತ್ತದೆ. ಇದು ಕೇಡಾದ ಮೇಲಿನ ನ್ಯಾಯ. ಧರ್ಮೋಪದೇಶಕಾಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಸ ಮನೆ ಕಟ್ಟುವವನು ಮಾಳಿಗೆಗೆ ಮೊದಲೇ ಕೈಪಿಡಿ ಗೋಡೆ ಕಟ್ಟಬೇಕೆನ್ನುತ್ತದೆ. ಯಾರೂ ಬೀಳುವವರೆಗೆ ಕಾಯುವಂತಿಲ್ಲ. ಯಾಜಕಕಾಂಡವಂತೂ ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬಾರದೆಂದು ವಿಧಿಸುತ್ತದೆ. ರಾತ್ರಿಯ ರಸ್ತೆಯಲ್ಲಿ ಕಣ್ಣಿರುವ ನಾವೆಲ್ಲರೂ ಅರೆಕುರುಡರೇ ಅಲ್ಲವೇ?

ಆ ಗುಂಡಿಯ ಕಟ್ಟಳೆ ಮೂರು ಸಾವಿರ ವರ್ಷದ ಹಿಂದಿನ ಮಾತೆಂದು ತಳ್ಳಿಹಾಕಬೇಡಿ. 2014ರಲ್ಲಿ ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ, ಮುಚ್ಚದೆ ಬಿಟ್ಟ ಕೊಳವೆಬಾವಿಗಳು ಎಳೆಯ ಮಕ್ಕಳನ್ನು ನುಂಗಿದವು. ಇಂಥ ಬಾವಿಗಳನ್ನು ಮುಚ್ಚಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೇ ನಿರ್ದೇಶನ ಕೊಟ್ಟಿತ್ತು. ಬಾವಿ ತೋಡುವ ಯಾವ ರೈತನೂ ಮಗುವಿನ ಸಾವನ್ನು ಬಯಸುವುದಿಲ್ಲ. ನೀರು ಬೀಳಲಿಲ್ಲ, ಸಾಲ ಮಾತ್ರ ಉಳಿಯಿತು, ಬೇಸರದಲ್ಲಿ ಪೈಪು ಕಿತ್ತುಕೊಂಡು ಹೋಗುತ್ತಾನೆ. ಅವನ ಪಾಲಿಗೆ ಬಾವಿಯ ಕೆಲಸ ಮುಗಿಯಿತು. ಬಾವಿಯ ಬಾಯಿ ಮಾತ್ರ ತೆರೆದೇ ಇರುತ್ತದೆ.

ನಾಡಿನ ಕಾನೂನೂ ಇದನ್ನು ಬಲ್ಲುದು. ಸಾರ್ವಜನಿಕ ದಾರಿಯಲ್ಲಿ ಅಪಾಯ ಒಡ್ಡಿದವನಿಗೆ, ಯಾರಿಗೂ ಗಾಯವಾಗದಿದ್ದರೂ, ಅಂದು ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 283ನೆಯ ಕಲಮು 200 ರೂಪಾಯಿಯವರೆಗೆ ದಂಡ ವಿಧಿಸುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಲ್ಲಿ ಅದು 5,000 ರೂಪಾಯಿಯವರೆಗೆ ಏರಿದೆ. ಆದರೆ ಕಲ್ಲಿನ ಮೇಲೆ ಇಟ್ಟವನ ಹೆಸರು ಬರೆದಿರುವುದಿಲ್ಲ. ಇಂಥ ತಪ್ಪಿಗೆ ಪೊಲೀಸನೂ ನ್ಯಾಯಾಧೀಶನೂ ಅವರವರ ಅಂತಃಸಾಕ್ಷಿಯೇ ಆಗಬೇಕು.

‘ಅಷ್ಟೊಂದು ಕಠಿಣವಾಗಿ ಏಕೆ ಯೋಚಿಸುತ್ತೀರಿ? ಹೆದರಿದವನು, ದಣಿದವನು, ನಡುರಾತ್ರಿಯಲ್ಲಿ ಮನೆ ಸೇರುವ ಆತುರದಲ್ಲಿ ಮರೆತರೆ ದೇವರು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆಯೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕಲ್ಲು ಇಟ್ಟದ್ದು ತಪ್ಪಲ್ಲ, ಇಡದಿದ್ದರೆ ತಪ್ಪಾಗುತ್ತಿತ್ತು. ದಣಿವನ್ನು ದೇವರು ಬಲ್ಲರು. ಆದರೆ ಆ ರಸ್ತೆಯ ಮೇಲೆ ಕಲ್ಲಿಡುವ ಹಕ್ಕನ್ನು ನನಗೆ ಕೊಟ್ಟದ್ದು ನನ್ನ ಕಷ್ಟ. ಕಷ್ಟ ಮುಗಿದ ಗಳಿಗೆಯಲ್ಲಿ ಆ ಹಕ್ಕೂ ಮುಗಿಯಿತು. ಅದು ಎಲ್ಲರ ರಸ್ತೆಯಿಂದ ನಾನು ಪಡೆದ ಕೈಗಡ. ಸಾಲ ತೀರಿಸುವುದನ್ನು ಮರೆತೆನೆಂಬ ಮಾತು ಕ್ಷಮೆಗೆ ಕಾರಣವಾಗಬಹುದೇ ಹೊರತು ಸಾಲವನ್ನು ಅಳಿಸುವುದಿಲ್ಲ. ಅಲ್ಲದೆ, ನಾನು ಮರೆತದ್ದನ್ನು ಸ್ವಲ್ಪ ಕೆದಕಿ ನೋಡಿದರೆ ಅದರ ಬೇರು ಕಾಣುತ್ತದೆ. ಗಾಲಿಗೆ ಒಡ್ಡಿದ್ದ ಎರಡು ಕಲ್ಲುಗಳನ್ನು ನಾನು ಮರೆಯಲಿಲ್ಲ; ಅವುಗಳನ್ನು ತೆಗೆಯದಿದ್ದರೆ ನಮ್ಮ ಟ್ರೇಲರೇ ಹೊರಡುತ್ತಿರಲಿಲ್ಲ. ನನ್ನ ದಾರಿಗೆ ಅಡ್ಡವಾದದ್ದು ನೆನಪಿತ್ತು. ಇನ್ನೊಬ್ಬರ ದಾರಿಗೆ ಅಡ್ಡವಾದದ್ದು ಮರೆತುಹೋಯಿತು. ಪಾಪನಿವೇದನೆಗೆ ಹೋದಾಗ ನಾನು ಹೇಳಿಕೊಂಡದ್ದು ಇದನ್ನೇ.

ದಯಾಳು ಸಮಾರಿಯದವನ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಅಪಘಾತದಲ್ಲಿ ನೆರವಾದವರನ್ನು ರಕ್ಷಿಸಲು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಕೂಡ ಅವನ ಹೆಸರನ್ನೇ ಹೊತ್ತಿದೆ. ಆದರೆ ಕಥೆಯ ಕೊನೆಯ ಭಾಗಕ್ಕೆ ನಾವು ಕೊಡುವ ಗಮನ ಕಡಿಮೆ. ಗಾಯಗೊಂಡವನನ್ನು ಚಾವಡಿಗೆ ಸೇರಿಸಿದ ಮೇಲೆ ತನ್ನ ಕೆಲಸ ಮುಗಿಯಿತೆಂದು ಅವನು ಹೊರಡುವುದಿಲ್ಲ. ತಾನು ಅಲ್ಲಿಲ್ಲದ ನಾಳೆಗಾಗಿ ಹಣ ಕೊಡುತ್ತಾನೆ. ಹೆಚ್ಚಾದರೆ ತಿರುಗಿ ಬಂದು ತೆರುವೆನೆನ್ನುತ್ತಾನೆ. ತಾನು ಹೋದ ಮೇಲೆ ಏನಾದೀತೆಂಬ ಚಿಂತೆ ಅವನ ಕರುಣೆಯಲ್ಲಿ ಸೇರಿತ್ತು. ನಮ್ಮ ನೆರೆಯವನು ಯಾರು ಎಂಬ ಪ್ರಶ್ನೆಗೆ ದಾರಿಯ ಬದಿಯಲ್ಲಿ ಬಿದ್ದವನು ಎಂಬುದು ಒಂದು ಉತ್ತರ. ಇನ್ನೂ ಬಾರದವನು, ನಾವು ಎಂದೂ ಮುಖ ನೋಡದವನು, ನಾವು ಹೋದ ಒಂದು ಗಂಟೆಯ ಮೇಲೆ ಅದೇ ದಾರಿಯಲ್ಲಿ ಬರುವವನು ಎಂಬುದು ಇನ್ನೊಂದು.

ಈ ಅರಿವು ನಮ್ಮ ನೆಲಕ್ಕೆ ಹೊಸದಲ್ಲ. ಗಜೇಂದ್ರಗಡದ ಸಮೀಪದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡವಿದೆ. ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಜೋಡಿಸಿದ ಆ ಕೈಗಳಿಗೆ, ಸಾವಿರ ವರ್ಷಗಳ ಮೇಲೆ ಅಲ್ಲಿಗೆ ಬಂದು ನಿಲ್ಲುವ ನಮ್ಮ ಮುಖ ತಿಳಿದಿರಲಿಲ್ಲ. ಬೇಸಗೆಯಲ್ಲಿ ದಾರಿಯ ಪಕ್ಕ ಅರವಟ್ಟಿಗೆ ಇಡುವ ತಾಯಂದಿರೂ ಕುಡಿಯುವವನ ಹೆಸರು ಕೇಳುವುದಿಲ್ಲ. ಕಲ್ಲನ್ನು ಇಡುವುದರಲ್ಲಿ ಧರ್ಮವಿದೆ. ತೆಗೆಯುವುದರಲ್ಲಿಯೂ ಅಷ್ಟೇ ಧರ್ಮವಿದೆ. ಇಟ್ಟದ್ದನ್ನು ಊರು ಹೊಗಳುತ್ತದೆ. ತೆಗೆದದ್ದು ಯಾರಿಗೂ ತಿಳಿಯುವುದೇ ಇಲ್ಲ.

ಆ ರಾತ್ರಿಯ ತರುವಾಯ ನಾವು ಟ್ರೇಲರಿಗೆ ಹೊಸ ಟೈರು ಹಾಕಿಸಿದೆವು. ಭಾರ ಹೇರುವ ಮುಂಚೆ ನಾಲ್ಕು ಗಾಲಿಗೂ ಸ್ಟೆಪ್ನಿಗೂ ಗಾಳಿ ನೋಡುತ್ತೇವೆ. ಹಿಂಬದಿಗೆ ಕೆಂಪು ಪ್ರತಿಫಲಕ ಹಚ್ಚಿದ್ದೇವೆ. ಜಾಕಿನ ಜೊತೆ ಒಂದು ಹಲಗೆ, ಗಾಲಿಗೆ ಒಡ್ಡಲು ಎರಡು ಮರದ ದಿಮ್ಮಿ ಸದಾ ಟ್ರೇಲರಿನಲ್ಲಿ ಇರುತ್ತವೆ. ಇದಾವುದೂ ದೊಡ್ಡ ಖರ್ಚಿನದಲ್ಲ. ಎಲ್ಲಿಯಾದರೂ ನಿಂತು ಹೊರಡುವಾಗ ಇಬ್ಬರಲ್ಲೊಬ್ಬರು ಇಳಿದು ಇಪ್ಪತ್ತು ಹೆಜ್ಜೆ ಹಿಂದಕ್ಕೆ ನಡೆದು ನೋಡಿ ಬರುತ್ತೇವೆ. ಇನ್ನೊಬ್ಬರು ಬಿಟ್ಟ ಕಲ್ಲು ಕಂಡರೆ ಈಗ ಗೊಣಗುವುದಿಲ್ಲ, ಗಾಡಿ ನಿಲ್ಲಿಸುತ್ತೇನೆ. ನನ್ನ ನಾಲ್ಕು ಕಲ್ಲುಗಳನ್ನು ತೆಗೆದ ಆ ಕೈಗಳಿಗೆ ಸಲ್ಲಿಸಬಹುದಾದ ಬಡ್ಡಿ ನನ್ನಿಂದ ಅಷ್ಟೇ. ಅಸಲು ಇನ್ನೂ ಉಳಿದಿದೆ.

ಓದುಗರೇ, ಈ ತಪಸ್ಸುಕಾಲದ ಆತ್ಮಶೋಧನೆಯಲ್ಲಿ ನೀವು ಮಾಡಿದ ಕೆಡುಕುಗಳನ್ನು ನೆನೆಯುವಾಗ, ನೀವು ದಾಟಿಬಂದ ಕಷ್ಟಗಳನ್ನೂ ಒಮ್ಮೆ ನೆನೆಯಿರಿ. ಆ ಕಷ್ಟದ ದಿನಗಳಲ್ಲಿ ನಿಮ್ಮ ರಕ್ಷಣೆಗಾಗಿ ಏನೇನು ಇಟ್ಟಿರಿ? ಬಾಯಿಂದ ಹೊರಟ ಒಂದು ಬಿರುಸು ಮಾತು, ತಮ್ಮನ ಮೇಲೆ ಹೂಡಿದ ಒಂದು ದಾವೆ, ನೆರೆಮನೆಯವರ ಮೇಲಿನ ಒಂದು ಸಂಶಯ? ನಿಮ್ಮ ಗಾಲಿ ಈಗ ಉರುಳುತ್ತಿದೆ, ನಿಜ. ಹಿಂದೆ ರಸ್ತೆಯ ಮೇಲೆ ಅವು ಇನ್ನೂ ಇವೆಯೇ ಎಂದು ಇಪ್ಪತ್ತು ಹೆಜ್ಜೆ ನಡೆದು ನೋಡಿ. ನಿಮ್ಮ ಹಿಂದೆ ಯಾರೋ ಬರುತ್ತಿದ್ದಾರೆ.